ಪರದೆಯ ಬೆನ್ನಿನ ನಾಲ್ಕು ರಂಧ್ರಗಳು

ಕಳೆದ ಚಳಿಗಾಲದ ಒಂದು ಭಾನುವಾರ ನಾನು ಕೈಯಾರೆ ಒಂದು ಮಾನಿಟರನ್ನು ಹಾಳುಮಾಡಿದೆ. ಇಪ್ಪತ್ತೇಳು ಅಂಗುಲದ ಪರದೆ, ಬಳಸಿದ ವಸ್ತುಗಳನ್ನು ಮಾರುವವರಿಂದ ಅಗ್ಗಕ್ಕೆ ಕೊಂಡದ್ದು. ಅದರ ಮೂಲ ಸ್ಟ್ಯಾಂಡು ಎಲ್ಲೋ ಕಳೆದುಹೋಗಿತ್ತು. ನನಗದು ಬೇಕಾಗಿಯೂ ಇರಲಿಲ್ಲ. ಕುತ್ತಿಗೆ ನೋವೆಂದು ಫಿಸಿಯೋಥೆರಪಿಸ್ಟ್ ಬಳಿ ಹೋದಾಗ ಆಕೆ ನನ್ನ ಕುತ್ತಿಗೆಗಿಂತ ಹೆಚ್ಚಾಗಿ ನನ್ನ ಮೇಜಿನ ಬಗ್ಗೆ ವಿಚಾರಿಸಿದ್ದರು. ಪರದೆಯ ಮೇಲಂಚು ಹೆಚ್ಚುಕಡಿಮೆ ಕಣ್ಣಿನ ಮಟ್ಟಕ್ಕಿರಲಿ, ಕೈ ಚಾಚಿದರೆ ಬೆರಳು ತಾಗುವಷ್ಟು ದೂರದಲ್ಲಿರಲಿ ಎಂದಷ್ಟೇ ಅವರ ಔಷಧ. ಅದಕ್ಕೆಂದೇ ಮೇಜಿನ ಅಂಚಿಗೆ ಬಿಗಿಯುವ, ಎತ್ತರಿಸಲು ತಗ್ಗಿಸಲು ಬರುವ ಒಂದು ಮಾನಿಟರ್ ತೋಳನ್ನು ತರಿಸಿದೆ.

ತೋಳಿನ ಜೊತೆಗೆ ಒಂದು ಪ್ಲಾಸ್ಟಿಕ್ ಪೊಟ್ಟಣ ಬಂದಿತ್ತು: ಗಿಡ್ಡ ಸ್ಕ್ರೂಗಳು ನಾಲ್ಕು, ಉದ್ದದವು ನಾಲ್ಕು, ವಾಷರುಗಳು, ಕೊಳವೆಯಂತಹ ಪ್ಲಾಸ್ಟಿಕ್ ಸ್ಪೇಸರುಗಳು. ನನ್ನ ಮಾನಿಟರಿನ ಬೆನ್ನಿನಲ್ಲಿ ಸ್ಕ್ರೂ ರಂಧ್ರಗಳು ಒಂದು ಗುಳಿಯೊಳಗೆ ಇದ್ದುದರಿಂದ ತೋಳಿನ ತಟ್ಟೆ ಅವುಗಳನ್ನು ಮುಟ್ಟುತ್ತಿರಲಿಲ್ಲ. ಸ್ಪೇಸರ್ ಇಟ್ಟೆ, ಉದ್ದದ ಸ್ಕ್ರೂ ಹಾಕಿದೆ, ತಿರುಗಿಸಿದೆ. ಕೊನೆಯ ಎರಡು ಸುತ್ತಿಗೆ ಸ್ವಲ್ಪ ಬಿಗಿ ಎನಿಸಿತು. ಬಿಗಿಯಾದಷ್ಟೂ ಭದ್ರವೆಂದುಕೊಂಡು ಇನ್ನೊಂದು ಸುತ್ತು ಕೊಟ್ಟೆ. ಪರದೆಯನ್ನು ಬೆಳಗಿಸಿದಾಗ ನಡುವಿನಲ್ಲಿ ಹೆಬ್ಬೆರಳಿನಷ್ಟು ಬಿಳಿಯ ಕಲೆ. ಅದು ಇಂದಿಗೂ ಇದೆ. ಈ ಲೇಖನದ ಅಕ್ಷರಗಳು ಅದರ ಮೇಲೆ ಹಾದುಹೋಗುವಾಗ ಕೊಂಚ ಮಂಕಾಗುತ್ತವೆ.

ತಪ್ಪು ಎಲ್ಲಿ ಆಯಿತೆಂಬುದನ್ನು ತಿಳಿಸಿಕೊಟ್ಟವರು ನಮ್ಮ ಬೀದಿಯ ಹಾರ್ಡ್‌ವೇರ್ ಅಂಗಡಿಯ ವೃದ್ಧರು. ಅವರು ಕೇಳಿದ್ದು ಒಂದೇ: ರಂಧ್ರ ಎಷ್ಟು ಆಳವಿದೆ? ನಾನು ಅಳೆದಿರಲಿಲ್ಲ. ಮನೆಗೆ ಬಂದು ಹಲ್ಲುಕಡ್ಡಿಯೊಂದನ್ನು ರಂಧ್ರಕ್ಕೆ ಇಳಿಸಿ, ಬಾಯಿಯ ಬಳಿ ಉಗುರಿನಿಂದ ಗುರುತು ಮಾಡಿ, ಸ್ಕೇಲಿನ ಮೇಲಿಟ್ಟೆ. 9 ಮಿಲಿಮೀಟರ್. ತಟ್ಟೆಯ ದಪ್ಪ 3, ಸ್ಪೇಸರಿನ ಉದ್ದ 10. ನಾನು ಹಾಕಿದ ಸ್ಕ್ರೂ 30. ಅಂದರೆ 9 ಮಿಲಿಮೀಟರ್ ಆಳದ ರಂಧ್ರಕ್ಕೆ 17 ಮಿಲಿಮೀಟರ್ ಉಕ್ಕನ್ನು ತುರುಕಿದ್ದೆ. ಬೇಕಾಗಿದ್ದದ್ದು 20 ಮಿಲಿಮೀಟರಿನ ಸ್ಕ್ರೂ: ತಟ್ಟೆ, ಸ್ಪೇಸರ್, ಒಳಗೆ ಹಿಡಿಯಲು ಏಳು. ಎರಡನೆಯ ತರಗತಿಯ ಕೂಡಿಕೆ. ಡಾಕ್ಟರೇಟ್ ಇದಕ್ಕೆ ಸಹಾಯ ಮಾಡಲಿಲ್ಲ.

ಆ ಮುದುಕರು ಎಣಿಸಿ ಕೊಟ್ಟ ನಾಲ್ಕು ಎಂ4 ಸ್ಕ್ರೂಗಳಿಗೆ ಕೆಲವೇ ಚಿಲ್ಲರೆ ಕಾಸು ಕೊಟ್ಟೆ. ಎಂ4 ಎಂದರೆ ಹೊರವ್ಯಾಸ 4 ಮಿಲಿಮೀಟರ್, ಥ್ರೆಡ್ಡಿನ ಒಂದು ಏಣಿನಿಂದ ಮುಂದಿನ ಏಣಿಗೆ 0.7 ಮಿಲಿಮೀಟರ್. ಅಮೆರಿಕದಲ್ಲಿರುವ ಓದುಗರಿಗೆ ಒಂದು ಮಾತು: ಅಲ್ಲಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ 8-32 ಎಂಬ ಅಂಗುಲ ಲೆಕ್ಕದ ಸ್ಕ್ರೂ ನೋಡಲು ಇದರ ಅವಳಿಯಂತೆಯೇ ಇರುತ್ತದೆ, ಮೊದಲ ಒಂದೆರಡು ಸುತ್ತು ಒಳಗೂ ಹೋಗುತ್ತದೆ. ಆದರೆ ಅದರ ಏಣುಗಳ ಅಂತರ ಸುಮಾರು 0.79. ಮೂರನೆಯ ಸುತ್ತಿಗೆ ಅದು ಮಾನಿಟರಿನ ಥ್ರೆಡ್ಡನ್ನೇ ಕೊರೆದುಹಾಕುತ್ತದೆ. ಇನ್ನೊಂದು ಮಾತು, ಎಲ್ಲರಿಗೂ: ಗ್ಯಾಸ್ ಸ್ಪ್ರಿಂಗ್ ಇರುವ ತೋಳು ಮಾನಿಟರಿನ ಭಾರ ಇಲ್ಲದಿದ್ದಾಗ ಸೆಟೆದುಕೊಂಡು ಮೇಲಕ್ಕೆ ಚಿಮ್ಮುತ್ತದೆ. ಪರದೆಯನ್ನು ಬಿಚ್ಚುವ ಮೊದಲು ತೋಳನ್ನು ತುದಿಯವರೆಗೆ ಎತ್ತಿಡಿ. ದವಡೆಗೆ ಬಡಿಸಿಕೊಂಡವರನ್ನು ನಾನು ಬಲ್ಲೆ.

ಇಷ್ಟು ಹೇಳುವಷ್ಟರಲ್ಲಿ ಗೆಳೆಯರೊಬ್ಬರು ನಕ್ಕರು. ಜಗತ್ತು ಹೊತ್ತಿ ಉರಿಯುತ್ತಿರುವಾಗ ನೀವು ಸ್ಕ್ರೂ ಬಗ್ಗೆ ಬರೆಯುತ್ತೀರಾ ಎಂದರು. ಅವರು ಹಾಗೆಂದಾಗ ಅವರ ಲ್ಯಾಪ್‌ಟಾಪ್ ಊಟದ ಮೇಜಿನ ಮೇಲಿತ್ತು, ಅವರ ಬೆನ್ನು ಪ್ರಶ್ನಾರ್ಥಕ ಚಿಹ್ನೆಯಂತೆ ಬಾಗಿತ್ತು. ಈ ಪತ್ರಿಕೆಯನ್ನು ಓದುವವರಲ್ಲಿ ಬಹುತೇಕರು ಪರದೆಯ ಮುಂದೆ ದುಡಿದು ಬದುಕುವವರು. ನಾವು ಗಣಿ ಕಾರ್ಮಿಕರ ಶ್ವಾಸಕೋಶದ ಬಗ್ಗೆ, ಬೀಡಿ ಕಟ್ಟುವವರ ಬೆರಳುಗಳ ಬಗ್ಗೆ ಸರಿಯಾಗಿಯೇ ಬರೆಯುತ್ತೇವೆ. ನಮ್ಮ ದೇಹವೂ ದುಡಿಯುವ ದೇಹವೆಂಬುದನ್ನು ಒಪ್ಪಿಕೊಳ್ಳುವಾಗ ಮಾತ್ರ ನಮಗೇಕೋ ಸಂಕೋಚ.

ನಾನಿರುವುದು ಮ್ಯಾಂಚೆಸ್ಟರಿನಲ್ಲಿ. ಇಲ್ಲಿ ವಿಟ್‌ವರ್ತ್ ಹೆಸರಿನ ರಸ್ತೆ ಇದೆ, ಉದ್ಯಾನವಿದೆ, ಕಲಾ ಗ್ಯಾಲರಿ ಇದೆ. ಬಹಳ ವರ್ಷ ಅದು ಯಾರೋ ಸಿರಿವಂತ ದಾನಿಯ ಹೆಸರೆಂದಷ್ಟೇ ತಿಳಿದಿದ್ದೆ. ಬಿಳಿಯ ಕಲೆ ಬಿದ್ದ ಮೇಲೆ ಓದಿಕೊಂಡೆ. ಜೋಸೆಫ್ ವಿಟ್‌ವರ್ತ್ 1833ರಲ್ಲಿ ಈ ಊರಿನಲ್ಲಿ ಯಂತ್ರೋಪಕರಣಗಳ ಕಾರ್ಖಾನೆ ತೆರೆದವನು. ಆಗ ಪ್ರತಿ ಕಾರ್ಖಾನೆಗೂ ಅದರದೇ ಸ್ಕ್ರೂ. ಒಂದು ಕಡೆ ಮಾಡಿದ ಬೋಲ್ಟಿಗೆ ಇನ್ನೊಂದು ಕಡೆಯ ನಟ್ಟು ಕೂಡುತ್ತಿರಲಿಲ್ಲ. ಯಂತ್ರ ಕೆಟ್ಟರೆ ಅದನ್ನು ಮಾಡಿದವನ ಬಾಗಿಲಿಗೇ ಹೋಗಬೇಕು. ವಿಟ್‌ವರ್ತ್ ದೇಶದ ಕಾರ್ಖಾನೆಗಳಿಂದ ಸ್ಕ್ರೂಗಳನ್ನು ಸಂಗ್ರಹಿಸಿ, ಅಳೆದು, ಅವುಗಳ ಸರಾಸರಿಯಿಂದ ಒಂದು ಸಾಮಾನ್ಯ ಅಳತೆಯನ್ನು ರೂಪಿಸಿದ. 1841ರಲ್ಲಿ ಸಿವಿಲ್ ಇಂಜಿನಿಯರುಗಳ ಸಂಸ್ಥೆಯ ಮುಂದೆ ಅದನ್ನು ಮಂಡಿಸಿದ. ಏಣುಗಳ ಕೋನ 55 ಡಿಗ್ರಿ. ರೈಲ್ವೆಗಳು ಅದನ್ನು ಒಪ್ಪಿದವು, ಉಳಿದವರು ಹಿಂಬಾಲಿಸಿದರು.

ಅವನನ್ನು ಜನಪರನೆಂದು ಎತ್ತಿ ಕೂರಿಸುವ ಆಸೆ ನನಗಿಲ್ಲ. ಅವನು ಬಂದೂಕುಗಳನ್ನೂ ಮಾಡಿದ. ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪಕ್ಷದ ಗುರಿಕಾರರ ಕೈಯಲ್ಲಿ ವಿಟ್‌ವರ್ತ್ ರೈಫಲುಗಳಿದ್ದವು. ಆದರೆ ಸ್ಕ್ರೂ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. 1864ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಸೆಲರ್ಸ್ ಅಮೆರಿಕಕ್ಕೆ ಬೇರೆಯದೇ ಅಳತೆಯನ್ನು ಮುಂದಿಟ್ಟ, 60 ಡಿಗ್ರಿಯದು, ಏಣಿನ ತುದಿ ದುಂಡಗಿರದೆ ಚಪ್ಪಟೆ. ಅವನ ವಾದದ ತಿರುಳು ಇಷ್ಟು: ವಿಟ್‌ವರ್ತನ ದುಂಡು ತುದಿಯನ್ನು ಕೊರೆಯಲು ನುರಿತ ಕೈಯೂ ವಿಶೇಷ ಉಪಕರಣವೂ ಬೇಕು, ನನ್ನದನ್ನು ಯಾವ ಸಾಧಾರಣ ಮೆಕ್ಯಾನಿಕ್ಕೂ ಮಾಡಿಯಾನು. ಎರಡನೆಯ ಮಹಾಯುದ್ಧದಲ್ಲಿ ಈ ಐದು ಡಿಗ್ರಿಯ ವ್ಯತ್ಯಾಸ ಮಿತ್ರರಾಷ್ಟ್ರಗಳನ್ನು ಸಾಕಷ್ಟು ಕಾಡಿತು. ಒಬ್ಬರ ಬಿಡಿಭಾಗ ಇನ್ನೊಬ್ಬರ ಯಂತ್ರಕ್ಕೆ ಕೂಡಲಿಲ್ಲ. 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಕೂತು ಒಂದು ಸಮಾನ ಥ್ರೆಡ್ಡಿಗೆ ಒಪ್ಪಿದವು. ಅದು 60 ಡಿಗ್ರಿಯದು. ನನ್ನ ಮುದುಕರು ಕೊಟ್ಟ ಎಂ4 ಸ್ಕ್ರೂ ಮೆಟ್ರಿಕ್ ವಂಶದ್ದಾದರೂ ಅದರ ಕೋನವೂ 60. ಸಾಧಾರಣ ಮೆಕ್ಯಾನಿಕ್ ಗೆದ್ದ.

ಮಾನಿಟರಿನ ಬೆನ್ನಿನ ಚೌಕಕ್ಕೆ ಇಷ್ಟು ಹಳೆಯ ಚರಿತ್ರೆಯಿಲ್ಲ. ವೆಸಾ ಎಂಬ ಕೂಟ 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ್ದು ಬೇರೊಂದು ಉದ್ದೇಶಕ್ಕೆ, ಗ್ರಾಫಿಕ್ಸ್ ಕಾರ್ಡುಗಳಿಗೂ ಪರದೆಗಳಿಗೂ ಹೊಂದಾಣಿಕೆ ತರಲು. ಗಾಜಿನ ಕೊಳವೆಯ ದಪ್ಪ ಮಾನಿಟರುಗಳ ಕಾಲ ಮುಗಿದು ಚಪ್ಪಟೆ ಪರದೆಗಳು ಬಂದಾಗ, ಅವುಗಳನ್ನು ಗೋಡೆಗೋ ತೋಳಿಗೋ ತೂಗುಹಾಕಬಹುದೆಂದಾಯಿತು. ತೊಂಬತ್ತರ ದಶಕದ ಕೊನೆಯಲ್ಲಿ ಅದೇ ಕೂಟ ಒಂದು ಅಳತೆಯನ್ನು ಗೊತ್ತುಮಾಡಿತು. ಚೌಕದ ಬದಿ 75 ಅಥವಾ 100 ಮಿಲಿಮೀಟರ್, ಮೂಲೆಗೊಂದು ಎಂ4 ರಂಧ್ರ. 100ರ ಚೌಕ 14 ಕಿಲೋ ತನಕ ಹೊರುವಂತೆ. ದೊಡ್ಡ ಟಿವಿಗಳಿಗೆ ಬೇರೆ ಅಳತೆ, ದಪ್ಪ ಸ್ಕ್ರೂ.

ಇದನ್ನು ಸರ್ಕಾರ ಹೇರಲಿಲ್ಲ, ಚಳವಳಿ ಗಳಿಸಲಿಲ್ಲ. ಒಬ್ಬರನ್ನೊಬ್ಬರು ನುಂಗಲು ಹೊಂಚುಹಾಕುವ ಕಂಪನಿಗಳೇ ತಮ್ಮ ಅನುಕೂಲಕ್ಕೆ ಒಪ್ಪಿಕೊಂಡ ನಾಲ್ಕು ಚುಕ್ಕೆಗಳಿವು. ಆದರೂ ಪರಿಣಾಮದಲ್ಲಿ ಊರ ಬಾವಿಯಂತೆ: ಯಾವ ಕಂಪನಿಯ ಪರದೆಯೂ ಯಾವ ಕಂಪನಿಯ ತೋಳಿಗೂ ಕೂಡುತ್ತದೆ, ಹಳೆಯ ಮಾನಿಟರ್ ಸತ್ತರೆ ತೋಳು ಬದುಕಿರುತ್ತದೆ, ಸ್ಟ್ಯಾಂಡ್ ಕಳೆದುಹೋದ ಪರದೆ ಕಸದ ತೊಟ್ಟಿಗೆ ಹೋಗಬೇಕಿಲ್ಲ. ಖಾಸಗಿ ಹಿತಾಸಕ್ತಿಗಳು ಆಕಸ್ಮಿಕವಾಗಿ ಕಟ್ಟಿದ ಸಾರ್ವಜನಿಕ ಸೊತ್ತನ್ನು ನಮ್ಮ ಸಿದ್ಧಾಂತದ ಯಾವ ಕಪಾಟಿನಲ್ಲಿ ಇಡುವುದೆಂದು ನಾವು ಪ್ರಗತಿಪರರು ಹೆಚ್ಚು ಯೋಚಿಸಿಲ್ಲ. ಹಾಗಾಗಿ ಅದನ್ನು ಕಸಿದುಕೊಳ್ಳುವಾಗ ನಮಗೆ ಗೊತ್ತೂ ಆಗುವುದಿಲ್ಲ.

ಕಸಿದುಕೊಳ್ಳುವುದು ಹೇಗೆಂಬುದಕ್ಕೆ ಎಲ್ಲರಿಗೂ ತಿಳಿದ ಉದಾಹರಣೆ ಇದೆ. 2019ರಲ್ಲಿ ಆಪಲ್ ಕಂಪನಿ 4,999 ಡಾಲರಿನ ಪರದೆಯೊಂದನ್ನು ಪ್ರಕಟಿಸಿತು. ಅದರ ಸ್ಟ್ಯಾಂಡಿಗೆ ಪ್ರತ್ಯೇಕ 999 ಡಾಲರ್. ಸಭಾಂಗಣದಲ್ಲಿ ಗುಸುಗುಸು ಎದ್ದದ್ದು, ಜಗತ್ತು ನಕ್ಕದ್ದು ಆ ಸ್ಟ್ಯಾಂಡಿನ ಬೆಲೆಗೆ. ನನ್ನ ಕಣ್ಣಿಗೆ ಅದಕ್ಕಿಂತ ದೊಡ್ಡ ಸುದ್ದಿ ಅದರ ಪಕ್ಕದ ಸಾಲು: ವೆಸಾ ತೋಳಿಗೆ ಕೂಡಿಸುವ ಅಡಾಪ್ಟರಿಗೆ 199 ಡಾಲರ್. ಎಲ್ಲರಿಗೂ ಸೇರಿದ ಬಾವಿಗೆ ಹೋಗುವ ದಾರಿಯಲ್ಲಿ ಸುಂಕದ ಕಟ್ಟೆ. 2022ರ ಅವರ ಇನ್ನೊಂದು ಪರದೆಯಲ್ಲಿ ವೆಸಾ ಬೇಕೋ ಸ್ಟ್ಯಾಂಡ್ ಬೇಕೋ ಎಂದು ಕೊಳ್ಳುವಾಗಲೇ ನಿರ್ಧರಿಸಬೇಕಾಗಿತ್ತು. ಆಮೇಲೆ ಮನಸ್ಸು ಬದಲಾದರೆ ಬಳಕೆದಾರರೇ ಬಿಚ್ಚಿ ಬದಲಿಸುವಂತಿರಲಿಲ್ಲ. ಇಂದು ಕುತ್ತಿಗೆ ನೋವಿಲ್ಲದವರಿಗೆ ಐದು ವರ್ಷದ ಬಳಿಕವೂ ಬರುವುದಿಲ್ಲವೆಂದು ಬಿಲ್ಲಿನ ಮೇಲೆಯೇ ಬರೆದುಕೊಟ್ಟಂತೆ. ಶ್ರೀಮಂತರ ಆಟಿಕೆ ಎಂದು ತಳ್ಳಿಹಾಕಬೇಡಿ. ಅಂಗಡಿಯ ಅಗ್ಗದ ಸಾಲಿನಲ್ಲೂ ಬೆನ್ನು ನುಣುಪಾದ, ಒಂದೂ ರಂಧ್ರವಿಲ್ಲದ ಮಾನಿಟರುಗಳಿವೆ. ಅವನ್ನು ಕೊಳ್ಳುವವರು ಅಗ್ಗದವನ್ನೇ ಕೊಳ್ಳಬೇಕಾದವರು.

ಯೂರೋಪಿಯನ್ ಒಕ್ಕೂಟ ಫೋನುಗಳ ಚಾರ್ಜರ್ ಬಗ್ಗೆ ಮೊದಲು ಕಂಪನಿಗಳ ಸ್ವಇಚ್ಛೆಯನ್ನೇ ನಂಬಿತ್ತು. 2009ರಿಂದ ಹತ್ತು ವರ್ಷಕ್ಕೂ ಮಿಕ್ಕಿ ಕಾದು, 2022ರಲ್ಲಿ ಕಾನೂನು ಮಾಡಿತು. 2024ರ ಡಿಸೆಂಬರಿನಿಂದ ಅಲ್ಲಿ ಮಾರುವ ಹೊಸ ಫೋನುಗಳಿಗೆ ಯುಎಸ್‌ಬಿ-ಸಿ ಕಡ್ಡಾಯ. ಆಪಲ್ ಸಹ ಬಗ್ಗಿತು. ಪರದೆಯ ಬೆನ್ನಿಗೂ ಅಂಥದೇ ಒಂದು ಸಾಲಿನ ಕಾನೂನು ಸಾಕು: ಕೂತು ದುಡಿಯಲೆಂದು ಮಾರುವ ಪ್ರತಿ ಪರದೆಗೂ ನಾಲ್ಕು ರಂಧ್ರ ಇರಲಿ, ಅದಕ್ಕೆ ಬೇರೆ ಬೆಲೆ ಇರದಿರಲಿ, ರಂಧ್ರದ ಆಳವನ್ನು ಪಕ್ಕದಲ್ಲೇ ಮುದ್ರಿಸಲಿ. ಈ ಕಡೆಯದು ನನ್ನ ಸ್ವಂತ ಬೇಡಿಕೆ. ಬಿಳಿಯ ಕಲೆಯ ಪರವಾಗಿ.

ಆದರೆ ರಂಧ್ರಗಳಿದ್ದರೆ ಸಾಲದು. ಬ್ರಿಟನ್ನಿನಲ್ಲಿ ಪರದೆಯ ಮುಂದಿನ ದುಡಿಮೆಗೆಂದೇ 1992ರ ನಿಯಮಾವಳಿಯೊಂದಿದೆ, 1993ರ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಬೇರು 1990ರ ಯೂರೋಪಿಯನ್ ನಿರ್ದೇಶನದಲ್ಲಿದೆ; ಬ್ರೆಕ್ಸಿಟ್ ಬಿರುಗಾಳಿಯಲ್ಲೂ ಉಳಿದುಕೊಂಡಿತು. ನೌಕರರ ಮೇಜು, ಕುರ್ಚಿ, ಪರದೆಯನ್ನು ಮಾಲೀಕರು ಪರಿಶೀಲಿಸಬೇಕು. ಕೇಳಿದರೆ ಕಣ್ಣಿನ ಪರೀಕ್ಷೆಯ ಖರ್ಚು ಕೊಡಬೇಕು. ಮನೆಯಿಂದ ದುಡಿಯುವವರಿಗೂ ಇದು ಅನ್ವಯ. ಪರದೆ ಸಲೀಸಾಗಿ ತಿರುಗಬೇಕು, ಬಾಗಬೇಕು, ಅದಕ್ಕೆ ಪ್ರತ್ಯೇಕ ಆಧಾರವನ್ನೋ ಎತ್ತರ ಬದಲಿಸಬಹುದಾದ ಮೇಜನ್ನೋ ಬಳಸಲು ಸಾಧ್ಯವಿರಬೇಕು ಎಂಬ ಮಾತೂ ಅದರಲ್ಲಿದೆ. ವೆಸಾ ಚೌಕ ಹುಟ್ಟುವ ಮೊದಲೇ ಕಾನೂನು ಅದರ ಅಗತ್ಯವನ್ನು ಊಹಿಸಿತ್ತು. ಓದಿದಾಗ ನನಗೆ ಖುಷಿಯೂ ನಾಚಿಕೆಯೂ ಆಯಿತು.

ನಾಚಿಕೆ ಏಕೆಂದರೆ, ಈ ನಿಯಮದಿಂದಾಗಿ ನನ್ನ ಮುಂದೆ ಪ್ರತಿವರ್ಷ ಒಂದು ನಮೂನೆ ಬರುತ್ತಿತ್ತು. ನಿಮ್ಮ ಪರದೆಯ ಎತ್ತರ ಸರಿಯಿದೆಯೇ, ಕುತ್ತಿಗೆ ಅಥವಾ ಭುಜದಲ್ಲಿ ನೋವಿದೆಯೇ ಎಂದು ಕೇಳುವ ನಮೂನೆ. ಆರು ವರ್ಷ ನಾನು 'ಇಲ್ಲ' ಎಂಬುದಕ್ಕೆ ಗುರುತು ಹಾಕಿದೆ. ಆರೂ ವರ್ಷ ನೋವಿತ್ತು. ಪಿಎಚ್‌.ಡಿ. ಕಾಲದಲ್ಲಿ ನನಗೆ ಆ ನಮೂನೆಯೇ ಬಂದಿರಲಿಲ್ಲ. ಇಲ್ಲಿ ಸಂಶೋಧನಾ ವಿದ್ಯಾರ್ಥಿಗಳು ಬಹುಪಾಲು ನೌಕರರಲ್ಲ, ವಿದ್ಯಾರ್ಥಿಗಳು. ಗ್ರಂಥಾಲಯದಿಂದ ತಂದ ದಪ್ಪ ಪುಸ್ತಕಗಳ ಮೇಲೆ ಲ್ಯಾಪ್‌ಟಾಪ್ ಇಟ್ಟು ಪ್ರಬಂಧ ಬರೆದೆ, ಪುಸ್ತಕ ಹಿಂದಿರುಗಿಸುವ ದಿನ ಬಂದಾಗಲೆಲ್ಲ ಪರದೆ ಒಂದಿಂಚು ಇಳಿಯುತ್ತಿತ್ತು. ಆಮೇಲೆ ನೌಕರಿ ಸಿಕ್ಕಿತು, ಗುತ್ತಿಗೆಯ ಮೇಲೆ, ವೀಸಾ ನೌಕರಿಗೆ ಅಂಟಿಕೊಂಡಿತ್ತು. ನೌಕರಿ ಹೋದರೆ ಹೊಸದು ಹುಡುಕಲು ಸಾಮಾನ್ಯವಾಗಿ 60 ದಿನ. ಎಚ್-1ಬಿ ಮೇಲಿರುವ ಗೆಳೆಯರಿಗೂ ಅದೇ 60. ನೋವಿದೆ ಎಂದು ಬರೆದರೆ ಯಾರೋ ನನ್ನನ್ನು ಕೆಲಸದಿಂದ ತೆಗೆಯುತ್ತಿದ್ದರೆ? ಖಂಡಿತ ಇಲ್ಲ. ಯಾರೂ ಹಾಗೆ ಹೆದರಿಸಿರಲೂ ಇಲ್ಲ. ಆದರೂ ಗುತ್ತಿಗೆ ನವೀಕರಣದ ಕಡತದಲ್ಲಿ ನನ್ನ ಹೆಸರಿನ ಪಕ್ಕ ಒಂದು ದೂರು ಇರುವುದು ಬೇಡವೆನಿಸಿತು. ಈ ಭಯವನ್ನು ಯಾರೂ ನನ್ನೊಳಗೆ ತಿರುಗಿಸಿ ಬಿಗಿಯಲಿಲ್ಲ. ನಾನೇ ಬಿಗಿದುಕೊಂಡೆ, ಕೊನೆಯ ಸುತ್ತಿನವರೆಗೆ.

ಕಾಯಂ ನಿವಾಸದ ಪತ್ರ ಕೈಗೆ ಬಂದ ವರ್ಷವೇ ನಾನು ಫಿಸಿಯೋಥೆರಪಿಸ್ಟ್ ಬಳಿ ಹೋದದ್ದು. ಇದು ಕಾಕತಾಳೀಯವಲ್ಲವೆಂದು ನನಗೀಗ ಗೊತ್ತು. ಇದನ್ನು ಓದುತ್ತಿರುವ, ಹತ್ತು ವರ್ಷದಿಂದ ಹಸಿರು ಕಾರ್ಡಿಗಾಗಿ ಕಾಯುತ್ತಿರುವ ಎಷ್ಟು ಮಂದಿಯ ನಮೂನೆಗಳಲ್ಲಿ 'ಇಲ್ಲ' ಇದೆಯೋ. ನಮೂನೆಯ ಆ ಚೌಕ ಖಾಲಿ ಇರುವವರೆಗೂ ನಮ್ಮ ಮಾಲೀಕರ ಲೆಕ್ಕದಲ್ಲಿ ವಲಸಿಗರಿಗೆ ಕುತ್ತಿಗೆಯೇ ಇಲ್ಲ. ಕಾಯಂ ಪತ್ರ ಇರುವ ನಮ್ಮಂಥವರು ಮೊದಲು 'ಹೌದು' ಎನ್ನಬೇಕು, ಯೂನಿಯನ್ ಪ್ರತಿನಿಧಿಯ ಮೂಲಕ ಹೇಳಬೇಕು, ಒಬ್ಬರಿಗೆ ಬೇಕೆಂದಲ್ಲದೆ ಇಡೀ ಕೊಠಡಿಗೆ ತೋಳು ಕೇಳಬೇಕು. ಆಗ ವೀಸಾ ಮೇಲಿರುವ ಕಿರಿಯ ಸಹೋದ್ಯೋಗಿ ಬಾಯಿ ಬಿಡದೆಯೂ ಅವಳ ಪರದೆ ಮೇಲೇರುತ್ತದೆ.

ನನ್ನ ತಂಗಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಪರೀಕ್ಷಕಿ, ವಾರದಲ್ಲಿ ಮೂರು ದಿನ ಮನೆಯಿಂದ ದುಡಿಯುತ್ತಾಳೆ. ಅವಳ ಮೇಜು ಅಮ್ಮನ ಹಳೆಯ ಹೊಲಿಗೆ ಯಂತ್ರದ್ದು. ಯಂತ್ರವನ್ನು ಒಳಗೆ ಮಡಚಿ ಮೇಲೆ ಹಲಗೆ ಮುಚ್ಚಿದ್ದಾಳೆ. ಅಮ್ಮ ಅದರ ಮೇಲೆ ಇಪ್ಪತ್ತು ವರ್ಷ ರವಿಕೆ ಹೊಲಿದು ನಮ್ಮಿಬ್ಬರನ್ನು ಓದಿಸಿದರು. ರಾತ್ರಿ ಕುತ್ತಿಗೆಗೆ ಬಿಸಿ ಉಪ್ಪಿನ ಗಂಟಿನ ಶಾಖ. ಅದಕ್ಕೆ ನಮೂನೆಯೂ ಇರಲಿಲ್ಲ, ಮಾಲೀಕರೂ ಇರಲಿಲ್ಲ. ತಂಗಿಗೆ ಮಾಲೀಕರಿದ್ದಾರೆ. ಮನೆಯಿಂದ ದುಡಿಯುವವರಿಗಾಗಿ ಅವಳು ಸಹಿ ಮಾಡಿದ ಒಪ್ಪಂದದಲ್ಲಿ ಮಾಹಿತಿ ಸುರಕ್ಷತೆಯ ಬಗ್ಗೆ ಹಲವು ಪುಟಗಳಿವೆ, ಮೇಜಿನ ಬಗ್ಗೆ ಒಂದು ಸಾಲೂ ಇಲ್ಲ. 2024ರಲ್ಲಿ ಐಟಿ ನೌಕರರ ದಿನವನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾಪ ಬಂದಾಗ ರಾಜ್ಯದ ಐಟಿ ನೌಕರರ ಸಂಘ ಬೀದಿಗಿಳಿದಿತ್ತು. ತಂಗಿ ಅಲ್ಲಿಗೆ ಹೋಗಲಿಲ್ಲ. ಹೆಸರು ಬರುತ್ತದೆ ಅಕ್ಕ, ಎಂದಳು. ಅವಳಿಗೆ ವೀಸಾ ಇಲ್ಲ; ಮನೆಯ ಸಾಲವಿದೆ.

ಹೋದ ತಿಂಗಳು ತನ್ನ ದುಡ್ಡಿನಲ್ಲೇ ಒಂದು ಮಾನಿಟರ್, ಒಂದು ತೋಳು ಕೊಂಡಳು. ವಿಡಿಯೋ ಕರೆಯಲ್ಲಿ ಪರದೆಯನ್ನು ಮಗುಚಿ ಅದರ ಬೆನ್ನು ತೋರಿಸಿದಳು. ಚೌಕ 100ರದು, ರಂಧ್ರಗಳು ಗುಳಿಯೊಳಗೆ, ನನ್ನದರಂತೆಯೇ. ಹಲ್ಲುಕಡ್ಡಿ ತರಲು ಹೇಳಿದೆ. ಅಳೆದಳು, 8 ಮಿಲಿಮೀಟರ್. ಪೊಟ್ಟಣದ ಉದ್ದ ಸ್ಕ್ರೂ ಅವಳಿಗೂ ಅತಿಯಾಗುತ್ತಿತ್ತು. ಡಿಸೆಂಬರಿನಲ್ಲಿ ಬರುವಾಗ ಸರಿಯಾದವನ್ನು ತರುತ್ತೇನೆ, ಅಲ್ಲಿಯವರೆಗೆ ಕಾಯೆ ಎಂದೆ.

"ಎಂ4 ತಾನೆ? ಅದಕ್ಕೆ ನೀನು ಇಂಗ್ಲೆಂಡಿನಿಂದ ಬರಬೇಕಾ? ಎಸ್‌.ಪಿ. ರೋಡಿನಲ್ಲಿ ಹಿಡಿಗಟ್ಟಲೆ ಸಿಗುತ್ತೆ" ಎಂದಳು. ಮರುದಿನ ಸಂಜೆ ಪಟ ಕಳಿಸಿದಳು. ಪರದೆ ಅವಳ ಕಣ್ಣಿನ ಮಟ್ಟಕ್ಕೆ ನಿಂತಿತ್ತು. ಹೊಲಿಗೆ ಯಂತ್ರದ ಹಳೆಯ ಹಲಗೆ ನಲುಗದಿರಲೆಂದು ಹಿಡಿಕೆಯ ಕೆಳಗೆ ಒಂದು ಉಕ್ಕಿನ ತಟ್ಟೆ ಕೊಟ್ಟಿದ್ದಳು. ತೋಳಿನ ಬಿಲ್ಲನ್ನು ಕಂಪನಿಗೆ ಕಳಿಸಿದೆಯಾ ಎಂದು ಕೇಳಿದೆ. ಇನ್ನೂ ಉತ್ತರ ಬಂದಿಲ್ಲ.